ಮರಳಿನ ಹೊಂಡದಲ್ಲಿ ಲೆಕ್ಕದಕ್ಕ

ಚಂದ್ರನ ನೆಲ ಅಗೆಯಲು ತಯಾರಾಗುತ್ತಿದ್ದ, ಮೇಕೆ ಗಾತ್ರದ ಯಂತ್ರಗಳ ಒಂದು ದಂಡಿತ್ತು. ಹೇಳುವವರು ಕೇಳುವವರು ಇಲ್ಲದ ಕಡೆಯೂ ಅವು ಎಡವಟ್ಟು ಮಾಡುವುದಿಲ್ಲವೆಂದು ಗಣಿತದಿಂದ ಸಾಬೀತು ಮಾಡುವುದು ಅಲ್ಲಿನ ಗಣಿತಜ್ಞೆಯೊಬ್ಬಳ ಕೆಲಸ. ಎಲ್ಲರೂ ಅವಳನ್ನು ಲೆಕ್ಕದಕ್ಕ ಎನ್ನುತ್ತಿದ್ದರು. ಯಾವ ಸ್ಥಿತಿಯಲ್ಲೂ ಯಂತ್ರ, ಉರಿಯುವ ದೀಪದಿಂದ ಗುರುತಿಸಿದ ಇನ್ನೊಂದು ಯಂತ್ರಕ್ಕೆ ಹೊಡೆಯುವುದಿಲ್ಲ, ಅಡ್ಡ ಬಂದ ಮಿಕ್ಕದ್ದೆಲ್ಲ ಬಂಡೆ, ಅದನ್ನು ಒಡೆಯುತ್ತದೆ. ಇಷ್ಟನ್ನು ಅವಳು ಒಂದು ಹುಳುಕಿಲ್ಲದಂತೆ ಸಾಬೀತು ಮಾಡಿದ್ದಳು.

ಅವಳ ತಮ್ಮ ಅಲ್ಲೇ ಫಿಟ್ಟರ್. ಪರೀಕ್ಷೆಯ ದಿನ, ಚಂದ್ರನ ನೆಲದಂತೆ ಮಾಡಿದ್ದ ಮರಳಿನ ಹೊಂಡದಲ್ಲಿ ಒಂದು ಯಂತ್ರದ ಚೈನು ಸಿಕ್ಕಿಕೊಂಡಿತು.

"ಎಲ್ಲಾ ಆಫ್ ಮಾಡಿ ಇಳಿಯೋ!" ಎಂದು ಲೆಕ್ಕದಕ್ಕ ಮೇಲಿನಿಂದ ಕೂಗಿದಳು.

"ಒಂದೊಂದರ ಬೆನ್ನಿಗೂ ಸ್ವಿಚ್ಚು. ಯಾರು ಸುತ್ತುತ್ತಾರೆ? ಬಿಡಕ್ಕಾ, ನಿನ್ನ ಮಕ್ಕಳು ಸೋದರಮಾವನಿಗೆ ಹೊಡೀತಾವಾ?" ಎಂದು ನಗುತ್ತಾ ಅವನು ಧುಮುಕಿದ.

ಮಂಡಿಯೂರಿ ಕೂತವನ ಕಾಲಿಗೆ ಹಿಂದಿನಿಂದ ಇನ್ನೊಂದು ಯಂತ್ರದ ಹಾರೆ ಬಿತ್ತು. ಮೂಳೆ ಮುರಿದ ಸದ್ದು ಮೇಲಕ್ಕೂ ಕೇಳಿಸಿತು. ಬಂಡೆ ಸಿಕ್ಕಿತೆಂದು ಆ ಯಂತ್ರ ಉಳಿದವಕ್ಕೆ ಸುದ್ದಿ ಕೊಟ್ಟಿತು. ಎಲ್ಲವೂ ತಿರುಗಿ ಅವನ ಕಡೆಗೇ ಬಂದವು. ಅವನ ಕಿರುಚಾಟಕ್ಕೆ ಮೇಲ್ವಿಚಾರಕರು ಗೋಡೆಗೆ ಅಂಟಿ ನಿಂತುಬಿಟ್ಟರು.

ಲೆಕ್ಕದಕ್ಕ ದೊಡ್ಡ ಸುತ್ತಿಗೆ ಹಿಡಿದು ಹಾರಿದಳು. ಒಂದರ ತಲೆ ಚಚ್ಚಿದಳು, ಇನ್ನೊಂದರ ತೋಳು ಮುರಿದಳು. ಮೂರನೆಯದು ಅವಳ ಮೊಣಕೈ ಸೀಳಿತು. ಬಡಿದಷ್ಟೂ ಹೊಸವು ಬರುತ್ತಿದ್ದವು. ಆಗ ಅವಳಿಗೊಂದು ಉಪಾಯ ಹೊಳೆಯಿತು. ಸಿಕ್ಕಿಕೊಂಡಿದ್ದ ಯಂತ್ರದ ದೀಪ ಇನ್ನೂ ಉರಿಯುತ್ತಿತ್ತು. ಅದನ್ನು ಎಳೆದು ತಮ್ಮನ ಮೇಲೆ ಕೆಡವಿ, ತಾನೂ ಅದರಡಿ ನುಸುಳಿದಳು. ಎತ್ತಿದ ಹಾರೆಗಳು ಗಾಳಿಯಲ್ಲೇ ನಿಂತವು. ಯಂತ್ರಗಳು ಪಕ್ಕಕ್ಕೆ ಸರಿದು ಹೋದವು.

ತಮ್ಮನ ಒಂದು ಕಾಲು ಮಂಡಿಯ ಕೆಳಗೆ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅವನ ಹೆಂಡತಿ ಲೆಕ್ಕದಕ್ಕನ ಕೆನ್ನೆಗೆ ಬಾರಿಸಿದಳು. "ನಿಮ್ಮ ಲೆಕ್ಕದಲ್ಲಿ ನನ್ನ ಗಂಡ ಎಲ್ಲಿದ್ದ?"

"ಇರಲಿಲ್ಲ ಕಣಮ್ಮ."

"ಚಂದ್ರನ ಮೇಲೆ ಮನುಷ್ಯರೇ ಇರಲ್ಲವಲ್ಲಮ್ಮಾ, ನಿಮ್ಮ ಲೆಕ್ಕ ಸರಿಯಾಗೇ ಇದೆ," ಎಂದು ಸಮಾಧಾನ ಹೇಳಲು ಬಂದ ಮುಖ್ಯಸ್ಥರ ಕಾಲರ್ ಹಿಡಿದು ಲೆಕ್ಕದಕ್ಕ ಗೋಡೆಗೆ ಒತ್ತಿದಳು. ದಾದಿಯರು ಬಿಡಿಸಬೇಕಾಯಿತು.

ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಅವಳ ಬದಲಿಗೆ ಆ ಕೆಲಸ ಬಲ್ಲವರು ಇರಲಿಲ್ಲ. ಗುರುತು ಸಿಗದ್ದನ್ನು ಕಂಡರೆ ಯಂತ್ರ ನಿಲ್ಲಬೇಕೆಂದು ನಿಯಮ ಬದಲಿಸಿ, ಎಲ್ಲವನ್ನೂ ಮೊದಲಿಂದ ಸಾಬೀತು ಮಾಡಿದಳು.

ತಮ್ಮನ ಹೆಂಡತಿ ಇವತ್ತಿಗೂ ಅವಳೊಡನೆ ಮಾತಾಡುವುದಿಲ್ಲ. ತಮ್ಮನ ಮನೆಗೆ ಹೋದರೆ ಕಾಫಿ ಲೋಟವನ್ನು ಎದುರಿಗೆ ಠಪ್ಪನೆ ಇಟ್ಟು ಒಳಗೆ ಹೋಗುತ್ತಾಳೆ. ಲೆಕ್ಕದಕ್ಕ ಪೂರ್ತಿ ಕುಡಿದೇ ಏಳುತ್ತಾಳೆ.