ನಮ್ಮೂರಲ್ಲಿ ಎಲ್ಲಿ ಉಣ್ಣಬೇಕೆಂದು ಮದ್ದೂರಿನವರು ಕೇಳಿದಾಗ

ಮದ್ದೂರಿಗೆ ಬಂದ ಮೊದಲ ವಾರ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದೆ. ಮಿಲ್ಲಿನವನ ಹುಬ್ಬು, ರೆಪ್ಪೆ, ಅಂಗಿಯ ಜೇಬು ಎಲ್ಲ ಒಂದೇ ಬೂದು ಬಣ್ಣವಾಗಿತ್ತು. ನನ್ನ ಸರದಿ ಬಂದಾಗ, ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹಾಗೆ, "ದಯವಿಟ್ಟು ಸ್ವಲ್ಪ ನುಣ್ಣಗೆ ಬೀಸಿಕೊಡುತ್ತೀರಾ?" ಎಂದೆ. ಯಂತ್ರ ಓಡುತ್ತಲೇ ಇತ್ತು. ಸಾಲಿನಲ್ಲಿದ್ದ ಹೆಂಗಸರು ಮಾತ್ರ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಯಾವೂರಾಯ್ತಮ್ಮ?" ಎಂದರು ಅವರಲ್ಲಿ ಹಿರಿಯರು.

"ಮಲ್ಪೆ. ಉಡುಪಿ ಹತ್ತಿರ."

"ಸಮುದ್ರದ ದಡದಲ್ಲಿರೋದಾ?"

"ಹೌದು."

"ಅಲ್ಲಿ ಎಲ್ಲುಂಡ್ರೆ ಚಂದಾಗಿರ್ತದೆ?"

ನನ್ನ ಹೆಸರನ್ನು ಅವರು ಆಮೇಲೆ ಕೇಳಿದರು. ನಾನು ಸ್ವಲ್ಪ ಯೋಚಿಸಿ, ಗೊತ್ತಿಲ್ಲ ಎಂದೆ. "ನಿಮ್ಮೂರಾಗಿ ನಿಮ್ಗೇ ಗೊತ್ತಿಲ್ವಾ?" ಎಂದು ಅವರು ಪಕ್ಕದವರನ್ನು ನೋಡಿದರು. ಆ ನೋಟದಲ್ಲಿ ಇವಳು ನಿಜಕ್ಕೂ ಆ ಊರಿನವಳೇ ಹೌದೇ ಎಂಬ ಅನುಮಾನ ಇತ್ತು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಲ್ಪೆಯಲ್ಲಿ ಹುಟ್ಟಿದವರು ಮಲ್ಪೆಯ ಹೋಟೆಲಿನಲ್ಲಿ ಉಣ್ಣುವುದಿಲ್ಲ. ಬೀಚಿನ ಎದುರಿನ ಹೋಟೆಲುಗಳು ಬಸ್ಸಿನಲ್ಲಿ ಬಂದವರಿಗೆ. ನಮಗೆ ಮನೆಯಲ್ಲಿ ಗಂಜಿ, ಬಂಗುಡೆ ಸಾರು, ಉಪ್ಪಿನಕಾಯಿ ಇತ್ತು. ಶಾಲೆಯಿಂದ ಬರುವಾಗ ಹೋಟೆಲುಗಳ ಬೋರ್ಡು ಓದುತ್ತಿದ್ದೆನೇ ಹೊರತು ಒಂದರ ಮೆಟ್ಟಿಲನ್ನೂ ಹತ್ತಿದವಳಲ್ಲ. ಇಲ್ಲಿಯವರು ಹಾಗಲ್ಲ. ಮದ್ದೂರಿನವರು ಮದ್ದೂರಿನ ವಡೆಯನ್ನು ತಾವೇ ತಿನ್ನುತ್ತಾರೆ, ತಿಂದು ಮುಗಿಸಿ, "ಮೊದ್ಲಿನಂಗಿಲ್ಲ ಬುಡಿ" ಎಂದು ಬೈಯುತ್ತಾರೆ, ಮರುವಾರ ಮತ್ತೆ ತಿನ್ನುತ್ತಾರೆ.

ನನ್ನ ಗಂಡನಿಗೆ ಬ್ಯಾಂಕಿನ ಕೆಲಸ. ವರ್ಗವಾಗಿ ಇಲ್ಲಿಗೆ ಬಂದೆವು. ಬಾಡಿಗೆಗೆ ಸಿಕ್ಕಿದ್ದು ಮಹಡಿ ಮನೆ. ಕೆಳಗೆ ಮನೆಯ ಒಡತಿ ಜಯಮ್ಮ. ನಾನು ಅವರನ್ನು ಜಯಕ್ಕ ಎನ್ನುತ್ತೇನೆ. ಶಿವಪುರದ ಕಡೆ ಅವರಿಗೆ ಕಬ್ಬಿನ ಗದ್ದೆ ಇದೆ. ನಮ್ಮಲ್ಲಿ ಮನೆಗೆ ಬಂದವರು ಮಳೆ, ಸೆಕೆ, ಮೀನಿನ ರೇಟು ಎಲ್ಲ ಮಾತಾಡಿ ಕೊನೆಗೆ ಬಂದ ವಿಷಯ ಹೇಳುತ್ತಾರಲ್ಲ, ಜಯಕ್ಕ ಬಾಗಿಲಲ್ಲಿ ನಿಂತೇ ಹೇಳುವವರು. "ನಿಮ್ ಸಾರು ವಾಸ್ನೆ ಕೆಳಗಂಟ ಬತ್ತದೆ, ಕಾಯಿ ಕಮ್ಮಿ ಆಕಿ." "ಏನ್ರಮ್ಮ ಇಂಗೆ ಒಣಗೋಗಿದ್ದೀರ, ಹಿಟ್ಟು ಉಣ್ಣಿ." ಹಿಟ್ಟು ಎಂದರೆ ಮುದ್ದೆ. ಮೊದಮೊದಲು ಇಂಥ ಮಾತು ಕೇಳಿ ಅಡಿಗೆಮನೆಗೆ ಬಂದು ಸುಮ್ಮನೆ ನಿಲ್ಲುತ್ತಿದ್ದೆ. ಬರುಬರುತ್ತಾ ಅದರಲ್ಲಿ ಒಂದು ಅನುಕೂಲ ಕಂಡೆ: ಅವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುತ್ತಾ ಕೂರಬೇಕಾಗಿಲ್ಲ.

ಸಂಜೆಯ ಹೊತ್ತು ಮಾತ್ರ ಉದ್ದ. ಊರಿನಲ್ಲಿ ಸಮುದ್ರದ ಸದ್ದು ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಇಲ್ಲಿ ಅದು ಇಲ್ಲದಿರುವುದು ಗೊತ್ತಾಯಿತು. ಕಬ್ಬಿನ ಟ್ರಾಕ್ಟರುಗಳು ರೇಡಿಯೊ ಹಾಕಿಕೊಂಡು ಹೋಗುತ್ತವೆ. ಅವು ದಾಟಿದ ಮೇಲೆ ರಸ್ತೆಯಲ್ಲಿ ಬಿದ್ದ ಜಲ್ಲೆಗಳನ್ನು ಹಸುಗಳು ನಿಧಾನವಾಗಿ ಜಗಿಯುತ್ತವೆ. ನಾನು ಮೇಲಿನಿಂದ ನೋಡುತ್ತಿರುತ್ತೇನೆ.

ಹೀಗೆ ನೋಡುತ್ತಿದ್ದ ಒಂದು ಸಂಜೆ ಜಯಕ್ಕ ಬಟ್ಟಲಲ್ಲಿ ಉಪ್ಸಾರು ತಂದರು. ಸೊಪ್ಪು, ಕಾಳು ಬೇಯಿಸಿದ ನೀರಿಗೆ ಖಾರ ಬೆರೆಸಿದ್ದು. ತೆಂಗಿನಕಾಯಿ ಇಲ್ಲದ ಸಾರೂ ಸಾರೇ ಎಂದು ನಾನು ಕಲಿತದ್ದು ಅದರಿಂದ. ಬಟ್ಟಲು ಕೊಟ್ಟವರು ಹೋಗದೆ ಮೆಟ್ಟಿಲ ಮೇಲೆ ಕುಳಿತರು.

"ನಮ್ಮ ಸಂಘದೋರು ಟೂರು ಒಂಟವ್ರೆ," ಎಂದರು. "ನಿಮ್ಮೂರಿಗೇ. ನಾನೇ ಯೋಳ್ದೆ, ನಮ್ಮ ಮಹಡಿ ಮೇಡಮ್ಮೋರ ಊರದು, ಅವ್ರೂ ಬತ್ತಾರೆ, ಎಲ್ಲಾ ತೋರಿಸ್ತಾರೆ ಅಂತ."

ನಾನು ಸಂತೋಷ ಎಂದೆ.

"ಒಳ್ಳೆ ಓಟ್ಲು ತೋರಿಸ್ಬೇಕು ಕಣಮ್ಮ."

ಇಲ್ಲಿಯ ಟೂರಿನ ಪದ್ಧತಿಯನ್ನು ನೀವು ನಮ್ಮ ಕಡೆಯ ರಸ್ತೆ ಬದಿಯಲ್ಲಿ ನೋಡಿರುತ್ತೀರಿ. ಬಸ್ಸಿನ ಡಿಕ್ಕಿಯಲ್ಲಿ ಗ್ಯಾಸ್ ಸ್ಟವ್, ದೊಡ್ಡ ಪಾತ್ರೆ, ರಾಗಿ ಹಿಟ್ಟು, ಮುದ್ದೆ ತಿರುವುವ ಕೋಲು ಹೊರಡುತ್ತವೆ. ನೆರಳು, ನೀರು ಕಂಡಲ್ಲಿ ಬಸ್ಸು ನಿಲ್ಲುತ್ತದೆ, ಅಲ್ಲೇ ಅಡಿಗೆ. ಈ ಬೀದಿಯ ಹೆಂಗಸರ ಸಂಘದಲ್ಲಿ ಒಂದು ಬಸ್ಸಿನ ಜನಕ್ಕೆ ಗಂಟಿಲ್ಲದೆ ಮುದ್ದೆ ತಿರುವಬಲ್ಲವರು ಜಯಕ್ಕ ಒಬ್ಬರೇ. ಹಾಗಾಗಿ ಪ್ರತಿ ಟೂರಿನಲ್ಲೂ ಕೋಲು ಅವರ ಕೈಯಲ್ಲಿ.

"ಧರ್ಮಸ್ಥಳಕ್ಕೆ ಓಗಿದ್ದೋ, ನಾ ಕಂಡಿದ್ದು ಪಾತ್ರೆ ತಳ. ಮಾದಪ್ಪನ ಬೆಟ್ಟದಲ್ಲೂ ಅದೇ ತಳ," ಎಂದರು ಜಯಕ್ಕ. "ಈ ಸಲ ಕೋಲು ಇಡಿಯಾಕಿಲ್ಲ ಅಂತ ಮೀಟಿಂಗಲ್ಲೇ ಅಂದುಬುಟ್ಟೆ. ಸಮುದ್ರದ ಎದ್ರುಗೆ ಕೂತ್ಕಬೇಕು, ಯಾರಾನ ಬಡಿಸಬೇಕು, ನಾನು ಉಣ್ಬೇಕು. ಸರೋಜ ನಗ್ತಾಳೆ. ಅಲ್ಲಿ ಉಣ್ಣಕ್ಕಾಗಲ್ಲ, ಕೊನೆಗೆ ನೀನೇ ತಿರುವ್ತೀಯ ನೋಡು ಅಂತಾಳೆ."

ಸರೋಜ ಸಂಘದ ಕಾರ್ಯದರ್ಶಿ. ಟೇಲರಿಂಗ್ ಮಾಡುತ್ತಾರೆ, ಯಾರ ಮಾತನ್ನಾದರೂ ಅಳತೆ ತೆಗೆದುಕೊಳ್ಳುವವರ ಹಾಗೆ ಕೇಳುತ್ತಾರೆ.

ಜಯಕ್ಕ ಕೆಳಗಿಳಿದ ಮೇಲೆ ಊರಿನಲ್ಲಿರುವ ದೊಡ್ಡಮ್ಮನ ಮಗನಿಗೆ ಫೋನು ಮಾಡಿದೆ. ಅಮ್ಮ ಈಗ ಮುಂಬೈಯಲ್ಲಿ ಅಣ್ಣನ ಜೊತೆ ಇದ್ದಾರೆ, ನಮ್ಮ ಮನೆ ಮಾರಿಯಾಗಿದೆ. ಊರೆಂದು ಫೋನು ಮಾಡಲು ಉಳಿದವನು ಅವನೊಬ್ಬ.

"ಹೋಟೆಲಾ? ನಂಗೆಂತ ಗೊತ್ತು ಮಾರಾಯ್ತಿ," ಎಂದ. "ನಾವು ಮನೆಯಲ್ಲಲ್ವಾ ಉಣ್ಣುವುದು? ಬಸ್ಸಿನವರ ಹತ್ರ ಕೇಳು."

"ಬಸ್ಸಿನವರೇ ನನ್ನನ್ನು ಕೇಳ್ತಿರುವುದು."

ಅವನು ತುಂಬ ಹೊತ್ತು ನಕ್ಕ. ಆಮೇಲೆ ಅವರಿವರನ್ನು ವಿಚಾರಿಸಿ ಒಂದು ಜಾಗ ಹೇಳಿದ: ಬೀಚಿನಿಂದ ಸ್ವಲ್ಪ ಆಚೆ, ರಸ್ತೆಯ ಬದಿಗೆ, ಮಹಡಿಯ ಜಗಲಿಯಲ್ಲಿ ಊಟ, ಎದುರಿಗೆ ಗಾಳಿಮರ, ಅದರಾಚೆ ಸಮುದ್ರ. ಬಾಳೆಲೆ ಹಾಕುತ್ತಾರಂತೆ. ತರಕಾರಿ ಊಟವೂ ಉಂಟಂತೆ. ಎಲ್ಲವೂ ಅಂತೆ.

ಟೂರಿನ ದಿನ ಬೆಳಿಗ್ಗೆ ಉಡುಪಿಯಲ್ಲಿ ದೇವರ ದರ್ಶನ ಮುಗಿಸಿ ಮಲ್ಪೆಗೆ ಬಂದೆವು. ಎಲ್ಲರೂ ಸೀರೆ ಮೊಣಕಾಲಿಗೆತ್ತಿ ನೀರಿಗಿಳಿದರು. ಜಯಕ್ಕ ಅಲೆ ಬಂದಾಗಲೆಲ್ಲ ನನ್ನ ಮೊಣಕೈ ಹಿಡಿಯುತ್ತಿದ್ದರು, ಹೋದಾಗ ಬಿಡುತ್ತಿದ್ದರು. ಹೊಸ ಸೀರೆ ಉಟ್ಟಿದ್ದರು. ಅದರ ಅಂಚಿಗೆ ಅಂಟಿಸಿದ್ದ ಅಂಗಡಿಯ ಚೀಟಿ ಇನ್ನೂ ಇತ್ತು. ಸಮುದ್ರ ಹೇಗಿದೆ ಎಂದೆ. "ದೊಡ್ಡದಾಗದೆ," ಎಂದರು. "ಓಟ್ಲು ಎಲ್ಲಿ?"

ಹೋಟೆಲಿನ ಮೆಟ್ಟಿಲನ್ನು ಎಲ್ಲರೂ ಉತ್ಸಾಹದಿಂದಲೇ ಹತ್ತಿದರು. ಜಗಲಿಯ ಮೊದಲ ಮೇಜಿನಲ್ಲಿ ಯಾರೋ ಉಣ್ಣುತ್ತಿದ್ದರು. ನಮ್ಮವರ ಸಾಲು ಅಲ್ಲೇ ನಿಂತುಬಿಟ್ಟಿತು. ಅವರ ಎಲೆಯಲ್ಲಿ ಕುಚ್ಚಲಕ್ಕಿ ಅನ್ನ ಇತ್ತು.

"ಏನೇ ಇದು, ಉಣ್ಸೆ ಬೀಜ ಇದ್ದಂಗದೆ," ಎಂದಿತು ಒಂದು ಧ್ವನಿ.

"ಬೆಂದಿಲ್ಲ ಕಣೆ ಅದು."

"ಸಾರು ನೋಡು, ಕೆಂಪಗದೆ. ಒಳಗೆ ಮೀನು ಕಣ್ಬುಟ್ಕೊಂಡು ನೋಡ್ತಾ ಕೂತದೆ."

ನಮ್ಮವರು ಮಾಂಸ, ಕೆರೆಮೀನು ಉಣ್ಣುವವರೇ; ಕಡಲ ಮೀನಿನ ವಾಸನೆ ಅವರಿಗೆ ಹೊಸದು. ತರಕಾರಿ ಸಾಂಬಾರಿನ ರುಚಿ ನೋಡಿದ ಒಬ್ಬರು, "ಬೆಲ್ಲ ಆಕವ್ರೆ," ಎಂದು ದುಃಖದ ಸುದ್ದಿ ಹೇಳುವವರಂತೆ ಹೇಳಿದರು. ಬೆಳ್ತಿಗೆ ಅನ್ನ, ಎಂದರೆ ಇವರು ಉಣ್ಣುವ ಬಿಳಿ ಅನ್ನ, ಇಷ್ಟು ಜನಕ್ಕೆ ಆಗುವಷ್ಟು ಇಲ್ಲ, ಕಾಯಬೇಕು ಎಂದರು ಹೋಟೆಲಿನವರು. ಆ ಹೊತ್ತಿಗೆ ಅರ್ಧ ಜನ ಕೆಳಗಿಳಿದಾಗಿತ್ತು. ನಾನೂ ಜಯಕ್ಕನೂ ಇಳಿದು ಬರುವಷ್ಟರಲ್ಲಿ ಸರೋಜ ಬಸ್ಸಿನ ಡಿಕ್ಕಿ ತೆಗೆಸಿದ್ದರು. ಒಳಗೆ ಸ್ಟವ್, ಪಾತ್ರೆ, ಕೋಲು ಎಲ್ಲವೂ ಇದ್ದವು.

"ಎಲ್ಲಾ ತಂದಿದ್ದೀಯಾ?" ಎಂದರು ಜಯಕ್ಕ.

"ತರ್ದೆ ಇರ್ತೀನಾ? ಉಪವಾಸ ಕರ್ಕಬಂದ್ಲು ಅಂತ ನನ್ನೇ ಅಲ್ವಾ ಉಗಿಯೋದು?"

ಗಾಳಿಮರದ ಕೆಳಗೆ ಸ್ಟವ್ ಹೂಡಿದರು. ಅವರ ಬಾಯಲ್ಲಿ ಅದು ಸರ್ವೆ ಮರ. ಎದುರಿನ ಮನೆಯಲ್ಲಿ ನಾನೇ ತುಳುವಿನಲ್ಲಿ ಕೇಳಿಕೊಂಡು ನೀರು ಹಿಡಿದು ತಂದೆ. ಸಾರು ಮದ್ದೂರಿನಲ್ಲೇ ಮಾಡಿ ತಂದಿದ್ದರು, ಬಿಸಿ ಮಾಡಿದರೆ ಸಾಕಿತ್ತು. ಮುದ್ದೆಗೆ ಎಸರು ಕುದಿಯಿತು, ಹಿಟ್ಟು ಬಿತ್ತು. ಯಾರೋ ಕೋಲನ್ನು ಜಯಕ್ಕನ ಕಡೆ ಚಾಚಿದರು. ಚಾಚಿದವರು ಜಯಕ್ಕನ ಮುಖವನ್ನೂ ನೋಡಲಿಲ್ಲ, ಇನ್ನೊಬ್ಬರ ಜೊತೆ ಮಾತಾಡುತ್ತಲೇ ಇದ್ದರು. ಜಯಕ್ಕ ಕೋಲನ್ನು ನೋಡಿದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸತೊಡಗಿದರು.

ನಾನು ಕೋಲು ತೆಗೆದುಕೊಂಡೆ.

"ನೀವಾ?" ಎಂದರು ಸರೋಜ. "ಕಾನ್ವೆಂಟ್ ಮುದ್ದೆ ಉಣ್ಬೇಕಾಯ್ತದೆ ಇವತ್ತು."

"ಒಂದು ದಿನ ಉಣ್ಣಿ," ಎಂದೆ. ಇಷ್ಟು ನೇರವಾಗಿ ನಾನು ಊರಲ್ಲಿ ಯಾರಿಗೂ ಹೇಳಿದವಳಲ್ಲ. "ಜಯಕ್ಕ, ನೀವು ಮೇಲೆ ಹೋಗಿ ಕೂತ್ಕೊಳ್ಳಿ."

"ಒಬ್ಳೇ ಎಂಗಮ್ಮ ಓಗದು? ಓಟ್ಲಲ್ಲಿ ಒಬ್ಳೇ ಕೂತ್ರೆ ಏನಂತಾರೆ?"

"ಏನೂ ಅನ್ನುವುದಿಲ್ಲ. ಬಡಿಸ್ತಾರೆ."

ಹೋಟೆಲಿನ ಯಜಮಾನರು ಗಲಾಟೆ ನೋಡಲು ಮೆಟ್ಟಿಲ ಬಳಿ ಬಂದು ನಿಂತಿದ್ದರು. ಅವರಿಗೆ ತುಳುವಿನಲ್ಲಿ ಹೇಳಿದೆ: ಇವರು ನನ್ನ ಅಕ್ಕ, ಸಮುದ್ರ ಕಾಣುವಲ್ಲಿ ಕೂರಿಸಿ, ಎಲೆ ಹಾಕಿ, ಕೇಳಿ ಕೇಳಿ ಬಡಿಸಿ. ಅವರು ನನ್ನ ಕೈಯಲ್ಲಿದ್ದ ಕೋಲನ್ನೂ ನನ್ನನ್ನೂ ನೋಡಿದರು. "ನೀವು ಇಲ್ಲಿಯವರಾ?" ಎಂದು ಕೇಳಿದ್ದು ಮಾತ್ರ ಕನ್ನಡದಲ್ಲಿ.

ಜಯಕ್ಕ ಹೋದರು. ಸೆರಗು ಇನ್ನೂ ಸೊಂಟದಲ್ಲಿತ್ತು; ಮೆಟ್ಟಿಲ ನಡುವೆ ನೆನಪಾಗಿ ಬಿಡಿಸಿ ಹೊದ್ದುಕೊಂಡರು.

ಮುದ್ದೆ ತಿರುವುವುದು ಒಂದು ಮನೆಯ ಪಾತ್ರೆಯಲ್ಲಿ ಬೇರೆ, ಬಸ್ಸಿನ ಪಾತ್ರೆಯಲ್ಲಿ ಬೇರೆ. ಇಬ್ಬರು ಪಾತ್ರೆಯನ್ನು ಹಳೆ ಬಟ್ಟೆಯಲ್ಲಿ ಅದುಮಿ ಹಿಡಿದಿದ್ದರು. ಹಿಟ್ಟು ಕೋಲನ್ನು ಬಿಡುತ್ತಿರಲಿಲ್ಲ. "ತಳದಿಂದ ಎತ್ತಿ ಮೇಡಂ." "ಬಳ್ಳಾರಿ ಜಾಲಿ ಗಿಡ ಕೀಳ್ತಿದ್ದೀರಾ, ತಿರುವ್ತಿದ್ದೀರಾ?" ನಾನು ತಲೆ ಎತ್ತಿದಾಗ ಜಗಲಿಯಲ್ಲಿ ಜಯಕ್ಕ ಕಾಣುತ್ತಿದ್ದರು. ಬಡಿಸುವವನು ಪಕ್ಕದಲ್ಲಿ ಬಗ್ಗಿ ಏನೋ ಕೇಳುತ್ತಿದ್ದ. ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಎಂದರು, ಅವನು ಹೊರಟಾಗ ಮತ್ತೆ ಕರೆದು ಹಾಕಿಸಿಕೊಂಡರು.

ಅದೇ ಹೊತ್ತಿಗೆ ರಸ್ತೆಯಲ್ಲಿ ಒಬ್ಬ ತಾಯಿ ಮಗಳ ಕೈ ಹಿಡಿದುಕೊಂಡು ಬಂದಳು. ಮಗುವಿನ ಮೈಮೇಲೆ ನಾನು ಶಾಲೆಗೆ ಹಾಕುತ್ತಿದ್ದಂಥದ್ದೇ ನೀಲಿ ಸ್ಕರ್ಟು. ಮಗು ನಿಂತು ನನ್ನ ಕೋಲನ್ನೇ ನೋಡಿತು. ತಾಯಿ ಅದರ ಗಲ್ಲ ಹಿಡಿದು ಮುಖವನ್ನು ಮೆಲ್ಲನೆ ಮುಂದಕ್ಕೆ ತಿರುಗಿಸಿ, "ಘಟ್ಟದಕುಲು," ಎಂದಳು. ಘಟ್ಟದ ಮೇಲಿನವರು. ಬಸ್ಸಿನವರ ಅಡಿಗೆ ನೋಡುತ್ತಾ ನಾನು ನಿಂತಾಗ ನನ್ನ ಅಮ್ಮ ಹೇಳುತ್ತಿದ್ದದ್ದೂ ಅದೇ ಮಾತು, ಗಲ್ಲ ತಿರುಗಿಸುತ್ತಿದ್ದದ್ದೂ ಅಷ್ಟೇ ಮೆಲ್ಲಗೆ. ನಾನು ಇಲ್ಲಿಯವಳೇ ಎಂದು ಹೇಳಬಹುದಾಗಿತ್ತು, ತುಳುವಿನಲ್ಲೇ. ಆದರೆ ಹಿಟ್ಟು ಗಟ್ಟಿಯಾಗುತ್ತಿತ್ತು, ಕೈ ನಿಲ್ಲಿಸುವ ಹಾಗಿರಲಿಲ್ಲ.

ಜಯಕ್ಕ ಬಂದಾಗ ಎಲ್ಲರೂ ಉಣ್ಣುತ್ತಿದ್ದರು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನನ್ನ ಪಕ್ಕದಲ್ಲಿ ಮರಳಿನ ಮೇಲೆ ಕುಳಿತರು.

"ಎಂಗಿತ್ತು ನಿನ್ ಓಟ್ಲೂಟ?" ಎಂದರು ಸರೋಜ.

"ಅನ್ನ ದಪ್ಪ. ಸಾರು ಸಿಹಿ. ಮೀನು ನಾ ಮುಟ್ಟಲಿಲ್ಲ." ಜಯಕ್ಕ ಸಮುದ್ರದ ಕಡೆ ತಿರುಗಿದರು. "ಮೂರ್ ಸಲ ಬಂದು ಕೇಳ್ದ ಕಣೆ ಅವ್ನು. ಇನ್ನೇನು ಬೇಕಮ್ಮ, ಇನ್ನೇನು ಬೇಕಮ್ಮ ಅಂತ."

ಜಯಕ್ಕ ನನ್ನ ತಟ್ಟೆಯ ಮುದ್ದೆಯಿಂದ ಒಂದು ಚೂರು ಮುರಿದು, ಸಾರಿಗೆ ಅದ್ದಿ ನುಂಗಿದರು. "ಗಂಟು ಅವೆ," ಎಂದರು. ಎಂದು ಇನ್ನೊಂದು ಚೂರು ಮುರಿದರು.

ಈಗಲೂ ಮಿಲ್ಲಿಗೆ ಹೋಗುತ್ತೇನೆ. ಸಾಲಿನಲ್ಲಿ ನನ್ನ ಕಡೆ ಯಾರೂ ತಿರುಗುವುದಿಲ್ಲ. "ನುಣ್ಗೆ ಬೀಸಪ್ಪ" ಎಂದರೆ ಮುಗಿಯಿತು. ಮಲ್ಪೆಯ ಕಡೆ ಟೂರು ಹೊರಟವರನ್ನು ಜಯಕ್ಕ ನನ್ನ ಹತ್ತಿರ ಕಳಿಸುತ್ತಾರೆ. ನಾನು ಮಹಡಿಯ ಜಗಲಿಯ ಹೋಟೆಲನ್ನು ಹೇಳುತ್ತೇನೆ, ಕೇಳಿ ಕೇಳಿ ಬಡಿಸುತ್ತಾರೆ ಎನ್ನುತ್ತೇನೆ. ಸ್ಟವ್ ಒಯ್ಯುವವರಿಗೆ ಎದುರಿನ ಗಾಳಿಮರದ ನೆರಳು, ನೀರು ಕೊಟ್ಟ ಮನೆ, ಎರಡನ್ನೂ ಹೇಳುತ್ತೇನೆ.

"ಓಟ್ಲೂಟ ನಿಜವಾಗ್ಲೂ ಚಂದಾಗದಾ?" ಎಂದು ಮೊನ್ನೆ ಹಲಗೂರಿನ ಒಬ್ಬರು ಕೇಳಿದರು.

ಜಯಕ್ಕನನ್ನು ಕೇಳಿ ಎಂದೆ. ನಾನು ಅಲ್ಲಿ ಉಂಡಿಲ್ಲ. ನಮ್ಮೂರಿನಲ್ಲಿ ನಾನು ಹೊರಗೆ ಉಂಡದ್ದು ಒಂದೇ ಸಲ, ಮರಳಿನ ಮೇಲೆ ಕುಳಿತು, ಘಟ್ಟದವರ ಜೊತೆ.