ಸೊಸೆಯ ಕಿಟಕಿಗೆ ಬಂದ ಹಕ್ಕಿ

ನೊಜಿಬೆಲೆ ಗುರುವಾರ ಬೆಳಗಿನ ಜಾವ ತೀರಿಕೊಂಡಳು. ಎದೆಯ ಕಾಯಿಲೆ ಹಳೆಯದು. ಹೆಚ್ಚು ದಿನ ಇಲ್ಲವೆಂದು ಆಸ್ಪತ್ರೆಯವರು ಹೇಳಿದ್ದರು, ಅವಳಿಗೂ ಗೊತ್ತಿತ್ತು. ಆದರೂ ಮಣ್ಣಿಗೆ ಬಂದವರಲ್ಲಿ ಕೆಲವರು, ಹಕ್ಕಿಯೇ ಅವಳನ್ನು ಕರೆದುಕೊಂಡು ಹೋಯಿತು ಎಂದು ಪಿಸುಗುಟ್ಟಿದರು. ಹಾಗೆ ಹೇಳುತ್ತಾರೆಂಬುದೂ ಅವಳಿಗೆ ಮೊದಲೇ ಗೊತ್ತಿತ್ತು.

ನಾನೂ ಅವಳೂ ಈ ಊರಿಗೆ ಸೊಸೆಯರಾಗಿ ಬಂದು, ಒಂದೇ ಹೊಳೆಯ ನೀರು ಹೊತ್ತವರು. ಅವಳು ಉದ್ದನೆಯ ಚಿಲುಮೆಯನ್ನು ಬಾಯಿಂದ ತೆಗೆಯದೆ ಗೋಡೆ ಸಾರಿಸುತ್ತಿದ್ದಳು. ಗಂಡ ಸತ್ತ ಮೇಲೆ ಎತ್ತು ಹೂಡಿ ಮೆಕ್ಕೆಜೋಳದ ಹೊಲವನ್ನು ತಾನೇ ಉತ್ತಳು. ಹುಲ್ಲುಗಾವಲಿನಲ್ಲಿ ಇಂತ್ಸಿಕಿಜಿಗಳು, ಅಂದರೆ ಕೆಂಪು ಗಂಟಲಿನ ಕರಿಯ ಮಂಗಟ್ಟೆ ಹಕ್ಕಿಗಳು, ಗುಮ್ಮೆನ್ನತೊಡಗಿದರೆ ಮಳೆ ಬಂತೆಂದು ಬೀಜ ತೆಗೆದಿಡುತ್ತಿದ್ದಳು. ಹೆಣ್ಣು ಹಕ್ಕಿ "ಹೋಗ್ತೀನಿ, ತವರಿಗೆ ಹೋಗ್ತೀನಿ" ಅನ್ನುತ್ತದೆ. ಗಂಡು "ಹೋಗು, ಎಷ್ಟು ದಿನದಿಂದ ಹೇಳ್ತಿದ್ದೀಯ" ಅನ್ನುತ್ತದೆ. ಅದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವಳು ಎರಡು ದನಿಯನ್ನೂ ತೆಗೆದು ನಮ್ಮನ್ನು ನಗಿಸುತ್ತಿದ್ದಳು.

ಹೊಲದಲ್ಲಿದ್ದರೆ ಮಳೆ ತರುವ ಆ ಹಕ್ಕಿ ಅಂಗಳಕ್ಕೆ ಬಂದರೆ ಸಾವಿನ ಸುದ್ದಿ. ಈ ಸಲ ಅದು ಅಂಗಳ ದಾಟಿ ಬಂದು, ಅವಳ ಮಗ ಲುಖಾನ್ಯೊ ಹೊಸ ಹೆಂಡತಿಗಾಗಿ ಕಟ್ಟಿದ ಮನೆಯ ಕಿಟಕಿ ಗಾಜನ್ನು ಕುಟ್ಟಿ ಒಡೆಯಿತು. ಮರುದಿನ ಬಂದು ಪಕ್ಕದ ಗಾಜನ್ನೂ ಕುಟ್ಟಿತು. ನೊಜಿಬೆಲೆಯ ಗಂಡನ ಅಣ್ಣ ಭೆಕಿಲೆ ಆ ಮನೆತನದ ಹಿರಿಯ. ಹಕ್ಕಿ ಸೊಸೆ ನೊಲುಸಾಪೊಳ ಬೆನ್ನು ಹತ್ತಿ ಬಂದಿದೆ ಎಂದು ಅವನು ತೀರ್ಮಾನ ಮಾಡಿಬಿಟ್ಟ. ಅವಳಿಗೆ ಇನ್ನೂ ಮನೆಯ ಹುಳಿಹಾಲು ಕುಡಿಸಿರಲಿಲ್ಲ. ಅದನ್ನು ಕುಡಿದ ಮೇಲೆಯೇ ಸೊಸೆ ಆ ಮನೆಯವಳು, ಸತ್ತ ಹಿರಿಯರಿಗೂ ಅವಳ ಗುರುತು. ಅಲ್ಲಿಯವರೆಗೆ ವಾಪಸು ಕಳಿಸಬಹುದು. ಇಂತ್ಸಿಕಿಜಿಯನ್ನು ಕೊಂದರೆ ಮಳೆ ನಿಲ್ಲುವುದೇ ಇಲ್ಲವೆಂದು ಅದಕ್ಕೆ ಕಲ್ಲೆಸೆಯಲು ಎಲ್ಲರಿಗೂ ಭಯ. ಹುಡುಗಿಯನ್ನು ಕಳಿಸಲು ಯಾರಿಗೂ ಭಯವಿರಲಿಲ್ಲ.

ನೊಜಿಬೆಲೆ ಸಗಣಿ ಮಣ್ಣು ಕಲಸಿ ಉಳಿದ ಗಾಜಿಗೆಲ್ಲ ಮೆತ್ತಿದಳು. ಗಾಜಿನಲ್ಲಿ ತನ್ನನ್ನೇ ಕಂಡು, ಬೇರೆ ಹಕ್ಕಿ ಅಂದುಕೊಂಡು ಅದು ಜಗಳಕ್ಕೆ ಬರುತ್ತದೆ ಅಂದಳು. ಹಕ್ಕಿ ಬರುವುದು ನಿಂತಿತು. ಭೆಕಿಲೆ ಒಪ್ಪಲಿಲ್ಲ, ಹೇಳಬೇಕಾದ್ದು ಹೇಳಿಯಾಯಿತು, ಇನ್ನೇಕೆ ಬರುತ್ತದೆ ಅಂದ. ಬುಧವಾರ ಮಧ್ಯಾಹ್ನ ದನದ ದೊಡ್ಡಿಯ ಬಳಿ ಹಿರಿಯರನ್ನು ಕೂಡಿಸಿದ. ಲುಖಾನ್ಯೊ ದೊಡ್ಡಪ್ಪನ ಮುಂದೆ ತಲೆ ಎತ್ತಲಿಲ್ಲ. ಹೆಂಗಸರು ನಾವು, ಸೊಸೆಯೂ ಸೇರಿ, ಬೇಲಿಯಾಚೆ ಕೂತಿದ್ದೆವು.

ಭೆಕಿಲೆ ನೊಜಿಬೆಲೆಯನ್ನು ಅವಳ ತವರಿನ ಕುಲದ ಹೆಸರು ಹಿಡಿದು ಕರೆದ. "ಮಾದ್ಲೊಮೊ, ನಿನ್ನ ಮುಖ ಹೇಗಾಗಿದೆ ನೋಡ್ಕೊಂಡಿದ್ದೀಯಾ? ಆ ಹುಡುಗಿ ಇಲ್ಲಿದ್ರೆ ನೀನು ಉಳಿಯಲ್ಲ."

"ನಾನು ಹೇಗೂ ಉಳಿಯಲ್ಲ, ಭಾವ. ನಾಳೆ ಅದನ್ನ ಇವಳ ತಲೆಗೆ ಕಟ್ತೀರಿ, ಅದಕ್ಕೇ ಬಾಯಿ ಇರುವಾಗ್ಲೇ ಹೇಳ್ತಿದ್ದೀನಿ. ತವರಿಗೆ ಹೋಗ್ತೀನಿ ಅಂತ ಆ ಹಕ್ಕಿ ದಿನಾ ಕೂಗುತ್ತೆ, ಗಂಡೂ ಹೋಗು ಅನ್ನುತ್ತೆ. ಯಾವತ್ತಾದ್ರೂ ಹೋಗಿದ್ದು ನೋಡಿದ್ದೀರಾ?"

ಮುದುಕರಲ್ಲೊಬ್ಬ ಕೆಮ್ಮಿದ ಹಾಗೆ ಮಾಡಿ ನಗು ನುಂಗಿಕೊಂಡ. ಅವಳು ಎದ್ದು ಮನೆಯೊಳಗೆ ಹೋಗಿ, ಹುಳಿಹಾಲಿನ ಸೋರೆಬುರುಡೆಯನ್ನೂ ಮರದ ಬಟ್ಟಲನ್ನೂ ತಂದಳು. ಹಾಲು ಕುಡಿಸುವುದು ನಾದಿನಿಯರ ಕೆಲಸ, ಅದೂ ಆಡು ಕೊಯ್ದ ಮೇಲೆ. ಆಡೆಲ್ಲಿ ಎಂದು ಭೆಕಿಲೆ ಕೇಳಿದ.

"ಆಡನ್ನ ನಿಧಾನವಾಗಿ ಕೊಯ್ಯಿರಿ, ಭಾವ. ಕಾಯೋಕೆ ನನಗೆ ಹೊತ್ತಿಲ್ಲ."

ಯಾರೂ ಎದ್ದು ಅವಳನ್ನು ತಡೆಯಲಿಲ್ಲ. ನೊಲುಸಾಪೊ ಮುಸುಕು ಹೊದ್ದು ಮಂಡಿಯೂರಿದಳು. ನೊಜಿಬೆಲೆ ಬಟ್ಟಲನ್ನು ಅವಳ ತುಟಿಗಿಟ್ಟಾಗ ಮೊದಲ ಗುಟುಕು ಹುಡುಗಿಯ ಗಲ್ಲದ ಮೇಲೆ ಇಳಿಯಿತು. ನಾನು ಬಟ್ಟಲು ಹಿಡಿಯಲು ಹೋದರೆ ಮೊಣಕೈಯಿಂದ ದೂಡಿದಳು. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಹುಡುಗಿ ಪೂರ್ತಿ ಕುಡಿಯುವವರೆಗೆ ಬಿಡಲಿಲ್ಲ. ಆಮೇಲೆ, ಒಳಗೆ ಹೋಗಿ ಮಲಗುವ ಮುನ್ನ, ಬೇಲಿಯ ಮೇಲಿನಿಂದ ಕೈ ಚಾಚಿ, ಭೆಕಿಲೆಯ ಮುಂದೆ ಖಾಲಿ ಬಟ್ಟಲನ್ನು ಬೋರಲು ಮಾಡಿ ತೋರಿಸಿದಳು.