ಸಗಣಿ ಉಂಡೆಯೊಳಗಿನ ಹಲ್ಲು

ಬಂಧುಗಳೇ, ನನ್ನ ದವಡೆಗೆ ತಿರುಪು ಹಾಕಿ ಕೂರಿಸಿದ್ದ ಹಲ್ಲನ್ನು ಇವತ್ತು ಬೆಳಿಗ್ಗೆ ಅರಸೀಕೆರೆಯ ಡಾಕ್ಟರು ಕಿತ್ತರು. "ಲೋಹ ಸವೆದು ಕಪ್ಪಾಗಿದೆ, ವಸಡು ಊದಿರೋದು ಅದಕ್ಕೇ. ಇನ್ನೊಂದು ಕೂರುತ್ತೆ ಅಂತ ಈಗಲೇ ಹೇಳೋಕಾಗಲ್ಲ ಸಾರ್" ಎಂದು ತಿರುಪನ್ನು ನನ್ನ ಕೈಗಿತ್ತರು. ಇನ್ನು ಕೊಬ್ಬರಿ, ಚಕ್ಕುಲಿ ಕಡಿಯುವ ಹಾಗಿಲ್ಲವಲ್ಲ ಎಂದು ಸಪ್ಪೆ ಮುಖ ಹೊತ್ತು ಮನೆಗೆ ಬಂದೆ.

ಕಣಕಟ್ಟೆಯಿಂದ ಬಂದಿದ್ದ ನಮ್ಮ ಅಕ್ಕ, ಎಂಬತ್ತು ದಾಟಿದವಳು, ತಿರುಪನ್ನು ಕಸಿದುಕೊಂಡು ಸಗಣಿ ಉಂಡೆಯೊಳಗೆ ಅದುಮಿದಳು.

"ಅಕ್ಕಾ, ಅದು ಹಲ್ಲಲ್ಲ, ತಿರುಪು!"

"ಹಲ್ಲಿನ ಜಾಗದಾಗೆ ಇತ್ತಲ್ವೇನೋ? ನಿನ್ ಹಾಲುಹಲ್ಲೂ ನಾನೇ ಹೆಂಚಿನ ಮೇಲೆ ಎಸ್ದಿದ್ದು ಕಣೋ. ಹೊಸ ಹಲ್ಲು ಬಂತೋ ಇಲ್ವೋ?"

ವಾದಿಸೋಣವೆಂದರೆ ಬಾಯಿ ನೋವು. ಅಕ್ಕ ಸೆರಗು ಸಿಕ್ಕಿಸಿ ಬೀಸಿ ಎಸೆದಳು. ಉಂಡೆ ನಮ್ಮ ಸೂರು ದಾಟಿ ಪಕ್ಕದ ಮನೆಯ ಹೆಂಚಿನ ಮೇಲೆ ಕೂತಿತು! ಆ ಮನೆಯ ರಂಗಮ್ಮನವರು ಹೊರಗೆ ಬಂದು, ಸಂಗತಿ ಕೇಳಿ, ಬೊಚ್ಚುಬಾಯಿ ತುಂಬ ನಕ್ಕರು. "ಅಲ್ಲೇ ಇರ್ಲಿ ಬಿಡ್ರೀ, ನಂಗೆ ಒಂದೂ ಇಲ್ಲ!"

ಊದಿದ ಕೆನ್ನೆ ಹಿಡಿದುಕೊಂಡು ನಕ್ಕೂ ನಕ್ಕೂ ಸಾಕಾಯಿತು. ಹೊಸ ಹಲ್ಲು ಬಂದರೆ ನನಗೇ ಬರಲಿ ಎಂದು ಅವರೆದುರು ಹೇಳಲು ಮಾತ್ರ ಮನಸ್ಸಾಗಲಿಲ್ಲ.